ಗುಂಡಿ ಡಬ್ಬಿಯ ತಳ

"ನನ್ನ ಉಸಿರಿರೋ ತನಕ ಈ ಅಂಗಡಿಗೆ ಫೋನಿನ ದುಡ್ಡು ಬರಕೂಡದು!"

ಒಂದು ಬುಧವಾರ ನಾನು ಹೀಗೆ ಗುಡುಗಿದೆ. ನಮ್ಮದು ಟೈಲರ್ ಅಂಗಡಿ. ಹೊಲಿಗೆ ಯಜಮಾನರದು, ಗುಂಡಿ ಮತ್ತು ಗಲ್ಲಾ ನನ್ನದು. ಅವತ್ತು ಕಂಡಕ್ಟರೊಬ್ಬ ಹೊಲಿದ ಪ್ಯಾಂಟ್ ಒಯ್ಯಲು ಬಂದು, ಫೋನ್ ಹಿಡಿದು ಸ್ಕ್ಯಾನ್ ಬೋರ್ಡ್ ಕೇಳಿದ್ದ. ಇಲ್ಲವೆಂದೆ. ಪ್ಯಾಂಟ್ ಇಲ್ಲೇ ಬಿಟ್ಟು ಹೋದ.

"ಒಂದು ಬೋರ್ಡ್ ಹಾಕೋಣ ಕಣೇ," ಎಂದರು ಯಜಮಾನರು.

"ಕಣ್ಣಿಗೆ ಕಾಣದ ದುಡ್ಡನ್ನ ನಂಬೋದು ಹೇಗ್ರೀ? ನಿಮ್ಮ ಬುದ್ಧಿನೂ ಹಾಗೇ. ಇದೆ ಅಂತೀರ, ಕಾಣಲ್ಲ!"

ಅವರು ನಕ್ಕು, ನೀಲಿ ಸೀಮೆಸುಣ್ಣದ ಬೆರಳಿನಿಂದ ನನ್ನ ಮೂಗಿಗೆ ಗೆರೆ ಎಳೆದರು. ಸಂಜೆ ಹೊರಗೆ ಹೋಗಿ ಒಂದು ಪೊಟ್ಟಣ ತಂದರು.

"ಏನ್ರೀ ಅದು?"

"ಗುಂಡಿ."

ದೊಡ್ಡ ಗುಂಡಿ ಡಬ್ಬಿಯೊಳಗೆ ಮೊಣಕೈ ತನಕ ಕೈ ತೂರಿಸಿ ತಳದಲ್ಲಿಟ್ಟರು. ಗುಂಡಿಗೆ ಇಷ್ಟು ಮರ್ಯಾದೆಯೇ ಎಂದುಕೊಂಡೆ.

ಗುರುವಾರ ಬೆಳಗ್ಗೆ ಅವರು ಏಳಲಿಲ್ಲ.

ಮೂರು ವಾರ ಕಳೆದ ಮೇಲೆ ನಾದಿನಿ ಬಂದಳು. "ಅತ್ತಿಗೆ, ಮೆಷಿನ್ ಮಾರಿಬಿಡಿ. ಅಂಗಡಿ ನಿಮ್ಮ ಕೈಲಾಗಲ್ಲ."

"ಒಂದು ತಿಂಗಳು ನೋಡು. ಆಗದಿದ್ರೆ ನಾನೇ ಮಾರ್ತೀನಿ!"

ಹೊಲಿಗೆ ನನಗೂ ಬರುತ್ತಿತ್ತು. ಬಾರದಿದ್ದದ್ದು ಚಿಲ್ಲರೆ! ಬಂದವರ ಕೈಯಲ್ಲೆಲ್ಲ ಐನೂರರ ನೋಟು. ಚಿಲ್ಲರೆ ಹುಡುಕಿಕೊಂಡು ಬೀದಿ ಸುತ್ತಿ ಬರುವಷ್ಟರಲ್ಲಿ ಗಿರಾಕಿ ಮಾಯ. ಕೊನೆಗೆ ತಲೆ ಓಡಿತು. ಚಿಲ್ಲರೆಗೆ ಬದಲು ಗುಂಡಿ ಕೊಟ್ಟೆ! ಬಿಳಿ ಗುಂಡಿ ಒಂದು ರೂಪಾಯಿ, ಕೋಟಿನ ಗುಂಡಿ ಐದು. ಮುಂದಿನ ಸಲ ತಂದರೆ ಲೆಕ್ಕಕ್ಕೆ ಹಿಡಿಯುತ್ತೇನೆಂದೆ. ಜನ ಒಪ್ಪಿದರು! ನಾನೇ ಸರ್ಕಾರ, ನಾನೇ ಖಜಾನೆ! ಎರಡು ವಾರ ರಾಜ್ಯಭಾರ ಮಾಡಿದೆ.

ಮೂರನೇ ವಾರ ಶಾಲೆಯ ಟೀಚರಮ್ಮ ಮಕ್ಕಳ ಸಾಲು ಕಟ್ಟಿಕೊಂಡು ಬಂದರು. ಮಕ್ಕಳೆಲ್ಲ ಎರಡೂ ಕೈಯಲ್ಲಿ ಎದೆಯ ಮೇಲೆ ಅಂಗಿ ಹಿಡಿದುಕೊಂಡಿದ್ದವು.

"ಏನಮ್ಮಾ ಇದು? ಅರ್ಧ ಕ್ಲಾಸಿನ ಅಂಗಿ ಬಾಯಿ ಬಿಟ್ಕೊಂಡಿದೆ! ಗುಂಡಿ ಎಲ್ಲ ಎಲ್ಲಿ ಹೋದ್ವು?"

ಗಲ್ಲಾ ತೆರೆದು ನೋಡಿದೆ. ಗುಲಾಬಿ ಗುಂಡಿ, ಹೂವಿನ ಗುಂಡಿ, ನಾನು ಯಾವತ್ತೂ ಕೊಡದ ಗುಂಡಿ! ಅಂಗಿಯಿಂದ ಕಿತ್ತು ತಂದು ನನ್ನ ಹತ್ತಿರವೇ ರಿಬ್ಬನ್ ಕೊಂಡಿದ್ದವು ಪುಂಡ ಮಕ್ಕಳು!

"ಕಿತ್ತೋರು ಅವರು ಟೀಚರಮ್ಮ..."

"ದಾರಿ ತೋರಿಸಿದ್ದು ನೀವು! ಈಗಲೇ ಹಾಕಿಕೊಡಿ. ಪುಕ್ಕಟೆ!"

ಸರ್ಕಾರ ಬಿತ್ತು. ನಾದಿನಿಯನ್ನು ಕೂಗಿ ಕರೆದೆ. ಇಬ್ಬರೂ ಕೂತು ಸೂಜಿ ಆಡಿಸಿದೆವು. ಅಂಗಿ ಮುಗಿಯಲಿಲ್ಲ, ಗುಂಡಿ ಮುಗಿಯುತ್ತ ಬಂತು. ಡಬ್ಬಿಯನ್ನೇ ನೆಲಕ್ಕೆ ಸುರಿದೆ. ಧೊಪ್ಪೆಂದು ಆ ಪೊಟ್ಟಣ ಬಿತ್ತು.

ಬಿಚ್ಚಿದೆ. ಗುಂಡಿಯಲ್ಲ, ಸ್ಕ್ಯಾನ್ ಬೋರ್ಡ್. ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಹೆಸರು ಓದಲು ಅಷ್ಟು ಸಾಕು. ಬೋರ್ಡಿನ ಮೇಲಿದ್ದದ್ದು ನನ್ನ ಹೆಸರು.

"ಹೋಗೋಕೆ ಒಂದು ವಾರ ಮುಂಚೆ ಬ್ಯಾಂಕಲ್ಲಿ ಅಣ್ಣ ನಿಮ್ಮ ಸಹಿ ಹಾಕಿಸ್ಕೊಂಡ್ನಲ್ಲ ಅತ್ತಿಗೆ, ಇದಕ್ಕೇ!" ಎಂದಳು ನಾದಿನಿ.

ಗ್ಯಾಸ್ ಸಬ್ಸಿಡಿಗೆ ಅಂದಿದ್ದರು, ಕಳ್ಳ! ನನ್ನ ಬಾಯಿಗೆ ಹೆದರಿ ಬಚ್ಚಿಟ್ಟಿದ್ದರು. ಬೋರ್ಡಿನ ಒಂದು ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತು. ನೀಲಿ ಸೀಮೆಸುಣ್ಣ.

ಅಂಗಡಿಯ ಮುಂದುಗಡೆ ಮೊಳೆ ಹೊಡೆದು ನೇತುಹಾಕಿದೆ. ಮಾರನೆಯ ದಿನ ಕಂಡಕ್ಟರ್ ಬಸ್ಸಿನಿಂದ ಬೋರ್ಡ್ ನೋಡಿ ಇಳಿದೇ ಬಂದ. ಬಿಟ್ಟುಹೋದ ಪ್ಯಾಂಟ್ ಕೇಳಿ ಫೋನ್ ತೋರಿಸಿದ. ನನ್ನ ಫೋನ್ ಟಿಣ್ ಎಂದಿತು. ಪೂರ್ತಿ ದುಡ್ಡು! ಚಿಲ್ಲರೆ ಇಲ್ಲ, ಹರಿದ ನೋಟಿಲ್ಲ, ಗುಂಡಿ ಇಲ್ಲ! ತಿಂಗಳು ಮುಗಿಯುವಷ್ಟರಲ್ಲಿ ಹೋದ ಗಿರಾಕಿಗಳೆಲ್ಲ ವಾಪಸ್!

"ಮೆಷಿನ್ ಕೊಳ್ಳೋರು ಬಂದಿದ್ರು ಅತ್ತಿಗೆ. ಕಳಿಸಿಬಿಟ್ಟೆ. ಗೆದ್ರಿ ನೀವು!"

"ನಾನೆಲ್ಲೇ ಗೆದ್ದೆ? ಇಪ್ಪತ್ತೆರಡು ವರ್ಷದಲ್ಲಿ ನಿಮ್ಮಣ್ಣ ವಾದದಲ್ಲಿ ಗೆದ್ದಿದ್ದು ಇದೊಂದೇ ಸಲ. ಅದೂ ನಾನು ಎದುರು ಮಾತಾಡೋ ಹಾಗಿಲ್ಲದಾಗ!"

ದಿನಾ ಬೆಳಗ್ಗೆ ಷಟರ್ ಎತ್ತಿದ ಕೂಡಲೇ ಬೋರ್ಡ್ ಒರೆಸುತ್ತೇನೆ. ಸೀಮೆಸುಣ್ಣದ ಪುಡಿ ಕೂತರೆ ಫೋನಿಗೆ ಕಾಣುವುದಿಲ್ಲ. ಒದ್ದೆ ಬಟ್ಟೆ ಹಿಡಿದು ಚೆನ್ನಾಗಿ ಉಜ್ಜುತ್ತೇನೆ.

ಮೂರು ಮೂಲೆ ಮಾತ್ರ.