ಕಂಪ್ಯೂಟರು ಅಳೆದ ಅಂಗಿ

ಭಗವಂತನಿಗೆ ನಗಬೇಕು ಅನ್ನಿಸಿದಾಗಲೆಲ್ಲ ಒಬ್ಬ ದರ್ಜಿಯನ್ನು ಹುಡುಕುತ್ತಾನೆ ಎಂದು ನನ್ನ ನಂಬಿಕೆ. ಇಲ್ಲದಿದ್ದರೆ ಇಷ್ಟೊಂದು ಪ್ರಸಂಗಗಳು ವಿಳಾಸ ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತಿರಲಿಲ್ಲ.

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹತ್ತಿರ ನನ್ನ ಹೊಲಿಗೆ ಅಂಗಡಿ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಕತ್ತರಿಯನ್ನು ಕಣ್ಣಿಗೊತ್ತಿಕೊಂಡ ಮೇಲೇ ಕೆಲಸ. ತೊಂಬತ್ತರ ದಶಕದಲ್ಲಿ ನನ್ನ ಎದುರಿಗೇ ರೆಡಿಮೇಡ್ ಅಂಗಡಿ ಬಂತು. ಅದರ ಹಿಂದೆಯೇ ಚಾಮರಾಜನಗರಕ್ಕೆ ‘ಕಂಪ್ಯೂಟರ್ ಹೊಲಿಗೆ’ ಬಂತು. “ನಿನ್ ಕತೆ ಮುಗೀತು ಕಣ್ಲಾ” ಎಂದು ಪಕ್ಕದ ಹೋಟೆಲಿನವನು ದಿನಾ ಕಾಫಿಯ ಜೊತೆ ಹೇಳಿ ಹೋಗುತ್ತಿದ್ದ. ಅಂಗಡಿ ಮುಚ್ಚುವ ಹಾಗಾದರೆ ಗತಿಯೇನು ಎಂಬ ಭಯ ನನಗೂ ಇತ್ತು. ಮಾದಪ್ಪನಿಗೆ ಕೈ ಮುಗಿದು ಹೇಳಿಕೊಂಡೆ: “ಅವರೂ ಬದುಕಲಿ, ನಾನೂ ಬದುಕಬೇಕು. ಹೇಗೆ ಅನ್ನೋದು ನಿನಗೆ ಬಿಟ್ಟಿದ್ದು.”

ಮೋಟಾರು

ಕಾಲಕ್ಕೆ ತಕ್ಕ ಹಾಗೆ ಇರೋಣ ಎಂದು ಮೊದಲು ನಾನೇ ಮಿಷನ್ನಿಗೆ ಕರೆಂಟ್ ಮೋಟಾರು ಹಾಕಿಸಿದೆ. ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ಹಂಗಳ ಊರಿನ ರೈತನೊಬ್ಬನ ಪ್ಯಾಂಟನ್ನು ಸೂಜಿಯ ಕೆಳಗಿಟ್ಟು, “ಶಿವಾ” ಎಂದು ಕಾಲು ಒತ್ತಿದೆ. ಇಪ್ಪತ್ತು ವರ್ಷ ತುಳಿದೇ ಬದುಕಿದ ಕಾಲು. ಮೆತ್ತಗೆ ಒತ್ತುವುದು ಅದಕ್ಕೇನು ಗೊತ್ತು? ಬಂಡೀಪುರದ ಆನೆ ಅಟ್ಟಿಸಿಕೊಂಡು ಬಂದಾಗ ಓಡುವವರ ಹಾಗೆ ಮಿಷನ್ನು ಓಡಿತು. ಹೆದರಿಕೆಗೆ ನಾನು ಇನ್ನೂ ಗಟ್ಟಿಯಾಗಿ ಒತ್ತಿದೆ. ಕೊನೆಗೆ ಪುಣ್ಯಕ್ಕೆ ಕರೆಂಟೇ ಹೋಯಿತು. ನೋಡಿದರೆ ಪ್ಯಾಂಟಿನ ಹೊಲಿಗೆಯೂ ಮುಗಿದಿತ್ತು.

ಕಾಯುತ್ತ ಕೂತಿದ್ದ ರೈತ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ನಾನೂ ಅವನ ಹಿಂದೆಯೇ ಹೊರಟೆ. ಹೋಗದೆ ವಿಧಿಯಿರಲಿಲ್ಲ. ನನ್ನ ಪಂಚೆಯ ಚುಂಗು ಅವನ ಪ್ಯಾಂಟಿನ ಕಾಲಿಗೆ ಸೇರಿ ಹೊಲಿದುಹೋಗಿತ್ತು.

ಬೀದಿಗೆ ಬಂದ ಮೇಲೆ ಅವನು ತಿರುಗಿ ನೋಡಿ, ಬಹಳ ಸಂಕೋಚದಿಂದ ಅಂದ: “ಬುಡು ಟೈಲರಣ್ಣ, ಹಂಗಳದಗಂಟ ಕಳಿಸಕೆ ಬರಬ್ಯಾಡ. ನಾನೇ ಓಯ್ತಿನಿ.”

ತಲೆಯಿಲ್ಲದವನು

ಎದುರಂಗಡಿಯವರು ಬಾಗಿಲಲ್ಲಿ ಒಂದು ಬೊಂಬೆ ನಿಲ್ಲಿಸಿದರು. ಶರ್ಟು, ಪ್ಯಾಂಟು, ಬೆಲ್ಟು ಎಲ್ಲ ಇತ್ತು, ತಲೆಯೊಂದು ಇರಲಿಲ್ಲ. ಸಂತೆಗೆ ಬಂದ ಅಜ್ಜಿಯೊಬ್ಬರು ಅದನ್ನು ನೋಡಿ ಮರುಗುತ್ತ ನನ್ನಂಗಡಿ ಹತ್ತಿದರು.

“ಅದ್ಯಾಕ್ ಟೈಲರಪ್ಪ, ಆ ಪುಣ್ಯಾತ್ಮಂಗೆ ತಲೆನೇ ಇಲ್ವಲ್ಲ?”

ನಾನು ತಿಳಿಸಿ ಹೇಳುವ ಮೊದಲೇ ಜೊತೆಗಿದ್ದ ಅವರ ಗಂಡ ಅಂದರು: “ಅಂಗಿ ಮ್ಯಾಲೆ ರೇಟ್ ಚೀಟಿ ನೋಡ್ದಾ? ತಲೆ ಇರೋನು ಅಷ್ಟು ಕೊಟ್ಟು ಹಾಕತನಾ ಕಣಮ್ಮಿ?”

ನನಗೆ ನಗು ತಡೆಯಲಾಗಲಿಲ್ಲ. ಪರರ ವ್ಯಾಪಾರ ನೋಡಿ ನಕ್ಕ ಪಾಪಕ್ಕೆ ಅವತ್ತು ಸಂಜೆ ಒಂದು ತೆಂಗಿನಕಾಯಿ ಹೆಚ್ಚಿಗೆ ಒಡೆದೆ.

ಚಪ್ಪಲಿ ಹೊರಗೆ

ಶತ್ರುವೇ ಆದರೂ ದರ್ಶನ ಮಾಡಿ ಬರೋಣ ಎಂದು ಚಾಮರಾಜನಗರದ ಆ ಕಂಪ್ಯೂಟರ್ ಅಂಗಡಿಗೆ ಹೋದೆ. ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು. ಒಳಗೆ ಗರ್ಭಗುಡಿಯ ಹಾಗೆ ತಂಪು, ಸದ್ದಿಲ್ಲ, ಅರೆಗತ್ತಲು. ಕಂಪ್ಯೂಟರಿಗೆ ಮಲ್ಲಿಗೆ ಹಾರ ಹಾಕಿದ್ದರು. ನನ್ನ ಕೈ ತಾನಾಗಿಯೇ ಮುಗಿಯಿತು; ಭಗವಂತ ಎಲ್ಲಿ ಇಲ್ಲ ಹೇಳಿ?

ಅಳತೆ ಹಿಡಿಯುವುದಕ್ಕೆ ಮಾತ್ರ ನನ್ನಲ್ಲಿರುವಂಥದ್ದೇ ಟೇಪು. ಒಬ್ಬ ಕೂಗಿ ಹೇಳುತ್ತಿದ್ದ, ಒಬ್ಬಳು ಅದನ್ನು ಕಂಪ್ಯೂಟರಿನಲ್ಲಿ ಒತ್ತುತ್ತಿದ್ದಳು, ಪ್ರಿಂಟರು ಕರ್ರೋ ಎಂದು ಚೀಟಿ ಉಗುಳುತ್ತಿತ್ತು.

“ಕರೆಂಟ್ ಹೋದ್ರೆ ಸ್ವಾಮಿ?” ಅಂದೆ.

ಮಾಲೀಕರು ಅತ್ತಿತ್ತ ನೋಡಿ, ಹಾರದ ಹಿಂದಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಎಲ್ಲರ ಅಳತೆಯೂ ಪೆನ್ಸಿಲಿನಲ್ಲಿ ಬರೆದಿತ್ತು. “ಯಾರಿಗೂ ಹೇಳ್ಬೇಡಿ,” ಅಂದರು, “ಕಂಪ್ಯೂಟರಿಗೂ ಗೊತ್ತಿಲ್ಲ.”

ಮನೆಯ ಪರವಾಗಿ

ಹರವೆ ಕಡೆಯ ಒಂದು ದೊಡ್ಡ ಮನೆಯವರ ಮದುವೆ ಬಟ್ಟೆಯೆಲ್ಲ ನನ್ನ ಕೈಯಲ್ಲೇ ಆಗುತ್ತಿತ್ತು. ನನ್ನ ಅಂಗಡಿ ನಿಂತಿದ್ದೇ ಅಂಥ ಮನೆಗಳ ಮೇಲೆ. ಆ ವರ್ಷ ಆ ಮನೆಯ ಹುಡುಗಿಗೆ ಮದುವೆ ಗೊತ್ತಾಯಿತು; ಬಟ್ಟೆ ಮಾತ್ರ ಕಂಪ್ಯೂಟರಿಗೆ ಹೋಯಿತು. ಹೋದರೆ ಹೋಗಲಿ, ಹುಡುಗಿ ಸುಖವಾಗಿರಲಿ ಎಂದುಕೊಂಡೆ. ಊಟ ಮಾತ್ರ ಸೇರಲಿಲ್ಲ.

ಮದುವೆಗೆ ಎರಡೇ ದಿನ ಇರುವಾಗ ಮನೆಯ ಯಜಮಾನರೂ ಅವರ ತಮ್ಮಂದಿರೂ ಮಕ್ಕಳೂ ಸೇರಿ ಹನ್ನೊಂದು ಜನ ಗಂಡಸರು ನನ್ನ ಅಂಗಡಿಗೆ ಬಂದರು. ಎಲ್ಲರ ಮೈಮೇಲೂ ಹೊಸ ಬಿಳಿ ಅಂಗಿ. ಯಜಮಾನರನ್ನು ಬಿಟ್ಟರೆ ಉಳಿದವರೆಲ್ಲ ಸಣಕಲು; ಆ ಹತ್ತು ಜನರ ಅಂಗಿಯೊಳಗೆ ಇನ್ನೊಬ್ಬೊಬ್ಬರು ಬಾಡಿಗೆಗೆ ಇರಬಹುದಿತ್ತು.

“ಇದ್ಯಾರ ಅಳತೆ ಯಜಮಾನ್ರೆ?”

“ನಂದೇ ಕಣಪ್ಪ. ಇವ್ರೆಲ್ಲ ಹೊಲದಲ್ಲಿ ಅರಿಶಿನ ಕೀಳ್ತಾ ಇದ್ರು, ಪುರುಸೊತ್ತಿಲ್ಲ. ಪೂಜೆಗೆ ಮನೆ ಪರವಾಗಿ ನಿಲ್ಲೋನು ನಾನೇ, ಪಂಚಾಯ್ತಿಗೂ ನಾನೇ. ಅಳತೆಗೂ ನಾನೇ ನಿಂತೆ. ಒಬ್ಬೊಬ್ಬರ ಹೆಸರು ಹೇಳಿ ಹನ್ನೊಂದು ಸಲ!”

“ಅಂಗಡಿಯೋರು ಏನೂ ಅನ್ನಲಿಲ್ವಾ?”

“ಅಂದ್ರು. ಹನ್ನೊಂದು ಸಲಾನೂ ಕೂದಲೆಳೆ ವ್ಯತ್ಯಾಸ ಬರ್ಲಿಲ್ಲ, ನೋಡಿ ನಮ್ ಕಂಪ್ಯೂಟ್ರು ಅಂತ ಖುಷಿಪಟ್ರು.”

ಹೋಗಲಿ, ಯಜಮಾನರಿಗಾದರೂ ಸರಿಯಾಗಿದೆಯೇ ಎಂದು ನೋಡಿದರೆ ಅವರ ಅಂಗಿಯ ಗುಂಡಿ ಒಂದೂ ಸೇರುತ್ತಿರಲಿಲ್ಲ. ಹೊಟ್ಟೆ ಒಂದು ಗೇಣು ಹೊರಗೇ ಉಳಿದಿತ್ತು.

“ನನ್ ಅಳತೇದು ನಂಗೇ ಯಾಕ್ಲಾ ಹಿಡಿಯಕಿಲ್ಲ?”

“ಅಲ್ಲಿ ಹೆಂಗೆ ನಿಂತಿದ್ರಿ, ಸ್ವಲ್ಪ ತೋರಿಸಿ.”

ಯಜಮಾನರು ಚಪ್ಪಲಿ ಬಿಟ್ಟರು. ಕೈ ಮುಗಿದರು, ಕಣ್ಣು ಮುಚ್ಚಿದರು, ಭಕ್ತಿಯಿಂದ ಉಸಿರು ಬಿಗಿಹಿಡಿದರು. ಹೊಟ್ಟೆ ಬೆನ್ನಿನ ಕಡೆಗೆ ಹೊರಟುಹೋಯಿತು. ನಾನು ಆರೂ ಗುಂಡಿ ಹಾಕಿದೆ. ಏನು ಹೇಳಲಿ, ಅಂಗಿ ಎರಕ ಹೊಯ್ದಂತೆ ಕೂತಿತು! ಕಂಪ್ಯೂಟರಿನದು ತಪ್ಪೇ ಇರಲಿಲ್ಲ.

ಒಳಗೆ ಮಡಚಿ ಬಿಟ್ಟ ಬಟ್ಟೆ ಒಂದು ಬೆರಳೂ ಇರಲಿಲ್ಲ. ಬಿಚ್ಚಿ ಅಗಲ ಮಾಡುವ ಹಾಗಿಲ್ಲ. “ಉಳಿದ ಹತ್ತು ಅಂಗಿ ಚಿಕ್ಕದು ಮಾಡಿದಾಗ ಮಿಕ್ಕಿದ ಬಟ್ಟೇಲಿ ನಿಮ್ಮದಕ್ಕೆ ಅಗಲ ಸೇರಿಸ್ತೀನಿ ಯಜಮಾನ್ರೆ” ಅಂದೆ. ಅವರು ಉಸಿರು ಹಿಡಿದೇ ಹ್ಞೂಂಗುಟ್ಟಿದರು. “ಇನ್ಮ್ಯಾಕೆ ನಮ್ ಮನೆ ಬಟ್ಟೆ ನಿಮ್ಮಲ್ಲೇ ಟೈಲರಣ್ಣ” ಎಂದು ತಮ್ಮಂದಿರೆಲ್ಲ ಅವರ ಪರವಾಗಿ ಮಾತು ಕೊಟ್ಟರು. ನನ್ನ ಕಣ್ಣು ಒದ್ದೆಯಾಯಿತು. ಟೇಪು ತೆಗೆದುಕೊಂಡು ಮೆಲ್ಲಗೆ ಅಂದೆ: “ಯಜಮಾನ್ರೆ, ಇಲ್ಲಿ ಕಂಪ್ಯೂಟ್ರು ಇಲ್ಲ, ಇರೋನು ಬರೀ ನಾನು. ಉಸಿರು ಬಿಡಿ.”

ಬಿಟ್ಟರು. ಆರು ಗುಂಡಿ ಆರು ದಿಕ್ಕಿಗೆ ಹಾರಿದವು.

ಕಿರಿಯ ತಮ್ಮ ತನ್ನ ದೊಗಳೆ ಅಂಗಿಯನ್ನು ಎತ್ತಿ ಹಿಡಿದುಕೊಂಡೇ ಬಗ್ಗಿ ಗುಂಡಿ ಆರಿಸುತ್ತ ಅಂದ: “ಅಣ್ಣಯ್ಯ, ತಾಳಿ ಕಟ್ಟೋಗಂಟ ನೀನು ಕಂಪ್ಯೂಟ್ರ ಮುಂದೆನೇ ನಿಂತ್ಕಬುಡು.”