ಕಿಡ್ನಿ ಕಾಯಲು ಹೊರಟವಳು

ಬದಿಯಡ್ಕದ ಹತ್ತಿರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿರುವ ನಾನು ಜೀವಶಾಸ್ತ್ರದಲ್ಲಿಯೇ ಇಂಥ ಪೆದ್ದಿಯಾಗುತ್ತೇನೆಂದು ಯಾರಾದರೂ ಹೇಳಿದ್ದರೆ, ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕಳೆದ ವರ್ಷ ರಕ್ತ ಪರೀಕ್ಷೆಯಲ್ಲಿ ನನ್ನ ಕೊಲೆಸ್ಟರಾಲ್ ಏರಿರುವುದು ತಿಳಿಯಿತು. ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ಹಂದಿ ಮಾಂಸ ಬಿಡಿ ಎಂದರು. ಭಾನುವಾರ ಇಗರ್ಜಿಯಿಂದ ಬಂದು ಹಂದಿ ಮಾಂಸದ ಸಾರು ಉಣ್ಣದಿದ್ದರೆ ಅದು ಭಾನುವಾರವೇ ಅಲ್ಲ ಎನ್ನುವ ಮನೆ ನಮ್ಮದು. ನನಗೆ ಎದೆ ಒಡೆದಂತಾಯಿತು.

ಆಗಲೇ ಫೋನಿಗೊಂದು ಸಂದೇಶ ಬಂತು. ಕೊಲೆಸ್ಟರಾಲ್ ಹೆಚ್ಚಾದರೆ ಕಿಡ್ನಿಯ ರಕ್ತನಾಳಗಳು ಕೆಡುತ್ತವೆ, ವಿಟಮಿನ್ ಸಿ ಮತ್ತು ಇ ಅವನ್ನು ಕಾಪಾಡುತ್ತವೆ ಎಂದಿತ್ತು. ಆ್ಯಂಟಿಆಕ್ಸಿಡೆಂಟ್ ಎಂಬ ಶಬ್ದವೂ ಇತ್ತು. ಅದನ್ನು ಬೋರ್ಡಿನ ಮೇಲೆ ವಿವರಿಸಬಲ್ಲವಳು ನಾನು. ಇನ್ನು ಯಾರನ್ನು ಕೇಳಬೇಕು? ಡಾಕ್ಟರಮ್ಮನ ಮಾತ್ರೆ ಬಿಟ್ಟೆ, ಮಾಂಸ ಬಿಡಲಿಲ್ಲ. ಕಿತ್ತಳೆ ರುಚಿಯ ವಿಟಮಿನ್ ಮಾತ್ರೆಗಳನ್ನು ಪೆಪ್ಪರ್‌ಮಿಂಟಿನಂತೆ ದಿನಕ್ಕೆ ನಾಲ್ಕೈದು ಚೀಪತೊಡಗಿದೆ. ಕೊಲೆಸ್ಟರಾಲ್ ಇದ್ದ ನನ್ನ ಅತ್ತೆಗೂ ಒಂದು ಡಬ್ಬಿ ಕೊಟ್ಟು, "ಮಾಂಯ್, ಇದಿದ್ದರೆ ಆ ಮಾತ್ರೆ ಬೇಡ" ಎಂದೆ.

ಕೆಲವು ತಿಂಗಳ ಮೇಲೆ, ಒಂಬತ್ತನೇ ತರಗತಿಯಲ್ಲಿ ಕಿಡ್ನಿಯ ಚಿತ್ರ ಬಿಡಿಸುತ್ತಿದ್ದಾಗ ಸೊಂಟದ ಬಲಗಡೆ ಯಾರೋ ಕತ್ತಿ ತಿರುವಿದಂತಾಯಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದು ಬಗ್ಗಿದೆ. ಟೀಚರ್ ಕಿಡ್ನಿ ಇರುವ ಜಾಗ ತೋರಿಸುತ್ತಿದ್ದಾರೆಂದು ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು. ನಾನು ನೆಲಕ್ಕೆ ಕುಸಿದಾಗಲೇ ಅವರಿಗೆ ಅನುಮಾನ ಬಂದದ್ದು.

ಸ್ಕ್ಯಾನ್ ನೋಡಿ ಡಾಕ್ಟರಮ್ಮ, "ಟೀಚರೇ, ಕಲ್ಲುಂಟು. ಕೊಲೆಸ್ಟರಾಲೂ ಮೊದಲಿಗಿಂತ ಜಾಸ್ತಿ. ನೀವು ಎಂತ ತಿಂತಾ ಇದ್ದೀರಿ?" ಎಂದರು. ನೋವಿನ ನಡುವೆಯೂ ಫೋನಿನ ಸಂದೇಶವನ್ನೂ ವಿಟಮಿನ್ ಮಾತ್ರೆಗಳ ಲೆಕ್ಕವನ್ನೂ ಹೆಮ್ಮೆಯಿಂದ ಹೇಳಿದೆ.

"ಅಯ್ಯೋ, ಅದು ಹಂದಿಗಳಲ್ಲಿ ಪ್ರಯೋಗ ಮಾಡಿ ನೋಡಿದ್ದು ಮಾರಾಯ್ರೇ!"

"ಹಂದಿಗಳಲ್ಲಿಯಾ?"

"ಹೌದು. ಹಂದಿಗೆ ಗುಣ ಕಂಡಿತೆಂದು ಮನುಷ್ಯರಿಗೂ ಆಗ್ತದೆ ಅಂತ ಉಂಟಾ? ವಿಟಮಿನ್ ಸಿ ಅತಿಯಾದರೆ ಕೆಲವರಿಗೆ ಕಲ್ಲಾಗ್ತದೆ."

ಹಂದಿ ತಿನ್ನಬೇಕಾದದ್ದನ್ನು ನಾನು ತಿಂದು, ಹಂದಿಯನ್ನೂ ನಾನೇ ತಿಂದಿದ್ದೆ! ಮರುಕ್ಷಣವೇ ಅತ್ತೆಯ ನೆನಪಾಯಿತು. ಎಪ್ಪತ್ತೆಂಟರ ಹೆಂಗಸು, ನನ್ನ ಮಾತು ಕೇಳಿ ಮಾತ್ರೆ ಬಿಟ್ಟವರು. ಅಲ್ಲಿಂದಲೇ ಮನೆಗೆ ಫೋನು ಮಾಡಿ, "ಮಾಂಯ್, ಆ ಕಿತ್ತಳೆ ಮಾತ್ರೆ ಇನ್ನು ತಿನ್ನಬೇಡಿ!" ಎಂದು ಕೂಗಿದೆ.

"ನಾನು ಎಲ್ಲಿ ತಿಂದೆ? ನೀನು ಕೊಟ್ಟ ದಿನವೇ ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ. ಬೇಡ ಅಂದರು. ಹಳೆಯ ಮಾತ್ರೆಯೇ ತಿಂತಾ ಇದ್ದೇನೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಟೀಚರಲ್ಲವಾ, ನಿನಗೆ ಗೊತ್ತಿರ್ತದೆ ಅಂತ ಎಣಿಸಿದೆ."

ಅವರು ಓದಿದ್ದು ನಾಲ್ಕನೇ ಕ್ಲಾಸು. ಕಲ್ಲಿಗಿಂತ ಹೆಚ್ಚು ಆ ಮಾತು ಚುಚ್ಚಿತು.

ಒಂಬತ್ತನೆಯ ದಿನ ಕಲ್ಲು ಹೊರಬಿತ್ತು. ಮೆಣಸಿನ ಕಾಳಿನ ಅರ್ಧದಷ್ಟೂ ಇರಲಿಲ್ಲ. ಶಾಲೆಗೆ ಮರಳಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ಅದನ್ನೊಮ್ಮೆ ತೋರಿಸ್ತೀರಾ?" ಎಂದಳು. ಈಗ ಅದು ನಮ್ಮ ಪ್ರಯೋಗಶಾಲೆಯಲ್ಲಿ ಚಿಕ್ಕ ಸೀಸೆಯೊಳಗಿದೆ. ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಸ್ವಂತವಾಗಿ ತಯಾರಿಸಿದ ಏಕೈಕ ಪಾಠೋಪಕರಣ ಅದು.