ಮೊಳೆ ಕೀಳಿಸಿದ ಪ್ರಶಸ್ತಿ

ಎಲ್ಲ ಶುರುವಾದದ್ದು ಒಂದು ಕಾಗದದಿಂದ. ಅಂಗವಿಕಲರಿಗೆ ಅನುಕೂಲವಾಗಿರುವ ಕೆಲಸದ ಜಾಗಗಳಿಗೆ ಪ್ರಶಸ್ತಿ ಕೊಡುವ ಸಮಿತಿಯವರು ಗುರುವಾರ ಹನ್ನೊಂದು ಗಂಟೆಗೆ ಹೊಲಿಗೆ ಕಾರ್ಖಾನೆ ನೋಡಲು ಬರುತ್ತಾರೆ ಎಂದು ಅದರಲ್ಲಿತ್ತು. ಗುರುವಾರ ಬೆಳಿಗ್ಗೆ ಮ್ಯಾನೇಜರು ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ತಲೆ ಬಾಚಿಕೊಂಡು ಎಂಟಕ್ಕೇ ಬಂದು ಮೆಕ್ಯಾನಿಕ್‌ನನ್ನು ಕರೆದರು.

"ನೋಡಪ್ಪಾ, ಬರೋರು ದೊಡ್ಡವರು. ನಿನ್ನ ಗುಜರಿಯನ್ನೆಲ್ಲ ಎತ್ತಿಡು."

ಯಾವ ಗುಜರಿ ಎಂದು ಮೆಕ್ಯಾನಿಕ್ ಕೇಳಬೇಕಾಗಿರಲಿಲ್ಲ. ಅವನು ಮಾತು ಕಡಿಮೆಯ, ಯಾರಿಗೂ ಇಲ್ಲ ಅನ್ನಲು ಬಾರದ ಮನುಷ್ಯ. ಹನ್ನೆರಡು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾ, ಬಿಡುವಾದಾಗ ಯಾರೂ ಹೇಳದಿದ್ದರೂ ಒಂದೊಂದು ಮಾಡಿಟ್ಟಿದ್ದ. ಕಟಿಂಗ್ ಮಾಸ್ಟರ್ ಗಾಲಿಕುರ್ಚಿಯಲ್ಲಿ ಬರುವವರು. ಅವರಿಗಾಗಿ ಬಾಗಿಲಿನ ಎರಡು ಮೆಟ್ಟಿಲ ಮೇಲೆ ಉದ್ದನೆಯ ಹಲಗೆಯ ಇಳಿಜಾರು. ಅಂಗಿಯ ತೋಳು ಹೊಲಿಯುವ ಅಕ್ಕನಿಗೆ ಕಿವಿ ಕೇಳದು. ಗಂಟೆ ಬಾರಿಸಿದಾಗ ಅವಳೆದುರು ಹೊತ್ತಿಕೊಳ್ಳುವ ದೀಪವನ್ನು ಹಳೇ ಡಬ್ಬಿಯಲ್ಲಿ ಕೂರಿಸಿದ್ದ. ಗುಂಡಿ ವಿಂಗಡಿಸುವ ತಾತನಿಗೆ ಕಣ್ಣು ಕಾಣದು. ಅವರ ಡಬ್ಬಗಳ ಅಂಚಿಗೆ ಮೊಳೆ ಹೊಡೆದಿದ್ದ. ಒಂದು ಮೊಳೆ ಅಂದರೆ ಅಂಗಿ, ಎರಡು ಅಂದರೆ ಪ್ಯಾಂಟು, ಮೂರು ಅಂದರೆ ಕೋಟು.

"ಅವಿಲ್ದೆ ಕೆಲ್ಸ ಹೇಗೆ ನಡೆಯುತ್ತೆ ಸಾರ್?"

"ಒಂದು ದಿನದ ಮಾತು ತಾನೆ? ಅಂದವಾಗಿರೋದನ್ನ ನಾನು ತಂದಿದೀನಿ."

ಅಂದವಾಗಿದ್ದದ್ದು ಎಂದರೆ ಮೆಟ್ಟಿಲ ಮೇಲೆ ಸಾಲಾಗಿ ಹನ್ನೆರಡು ಹೂಕುಂಡ, 'ಎಲ್ಲರಿಗೂ ಸ್ವಾಗತ' ಎಂಬ ಬ್ಯಾನರು, ಡಬ್ಬಗಳಿಗೆ ಬಣ್ಣದ ಅಚ್ಚಿನ ಚೀಟಿ. ತಾತ ಚೀಟಿಯ ಮೇಲೆ ಬೆರಳಾಡಿಸಿ, "ನುಣ್ಣಗಿದೆ, ಚೆನ್ನಾಗಿದೆ. ಏನು ಬರೆದಿದೆ?" ಎಂದು ಕೇಳಿದರು.

ಇಳಿಜಾರಿನ ಹಲಗೆ ಸ್ಟೂಲುಗಳ ಮೇಲೇರಿ, ಬಿಳಿ ಬಟ್ಟೆ ಹೊದ್ದು, ಇಪ್ಪತ್ತನಾಲ್ಕು ಪಿಂಗಾಣಿ ಕಪ್ಪು ಹೊತ್ತು ಅತಿಥಿಗಳ ಟೀ ಮೇಜಾಯಿತು. ಡಬ್ಬಿದೀಪ ಬೀರುವಿಗೆ ಹೋಯಿತು. ಹತ್ತು ಗಂಟೆಯ ಟೀ ಗಂಟೆ ಬಾರಿಸಿದಾಗ ಎಲ್ಲರೂ ಎದ್ದರು, ಅಕ್ಕ ಏಳಲಿಲ್ಲ. ಅವಳು ಹೊಲಿದ ತೋಳುಗಳನ್ನು ಕೊಂಡೊಯ್ಯುವವರೇ ಇಲ್ಲದೆ ರಾಶಿ ಗಲ್ಲದವರೆಗೆ ಬೆಳೆಯಿತು. ಅತ್ತ ತಾತ ಕೋಟಿಗೆ ಹೋಗಬೇಕಾದ ದಪ್ಪ ಗುಂಡಿಗಳನ್ನು ಅಂಗಿಯ ಡಬ್ಬಕ್ಕೆ ಸುರಿದು ಕೂತಿದ್ದರು.

ಮೆಕ್ಯಾನಿಕ್ ಕೊನೆಯ ಡಬ್ಬಗಳ ಮೊಳೆ ಕೀಳುತ್ತಾ, ಕಿತ್ತದ್ದನ್ನು ತುಟಿಗಳ ನಡುವೆ ಕಚ್ಚಿ ಹಿಡಿಯುತ್ತಾ ಇದ್ದಾಗಲೇ ಸಮಿತಿಯ ಅಧ್ಯಕ್ಷೆ ಅರ್ಧ ಗಂಟೆ ಮುಂಚೆ ಬಂದುಬಿಟ್ಟರು. ಗೇಟಿನ ಬಳಿ ಗಾಲಿಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಕಟಿಂಗ್ ಮಾಸ್ಟರನ್ನು ಕಂಡು ನಿಂತರು.

"ನೀವು ಇಲ್ಲೇ ಕೆಲಸ ಮಾಡೋದಾ?"

"ಹೌದು ಮೇಡಂ. ಇವತ್ತು ಒಳಗೆ ಪ್ರಶಸ್ತಿಗೆ ಜಾಗ ಮಾಡ್ತಿದಾರೆ. ಅದಕ್ಕೇ ನಾನು ಹೊರಗಿದೀನಿ."

ಅಧ್ಯಕ್ಷೆ ಹೂಕುಂಡಗಳನ್ನು ದಾಟಿ ಒಳಗೆ ಬಂದು, ನೆಟ್ಟಗೆ ಮೆಕ್ಯಾನಿಕ್‌ನ ಎದುರು ನಿಂತರು. "ಎಷ್ಟು ವರ್ಷದಿಂದ ಇಲ್ಲಿದೀರಿ?"

ಬಾಯಿ ತೆರೆದರೆ ಮೊಳೆಗಳೆಲ್ಲ ನೆಲಕ್ಕೆ. ಅವನು ಕಣ್ಣು ಕಣ್ಣು ಬಿಟ್ಟ. ಅಧ್ಯಕ್ಷೆ ತಮಗೆ ತಾವೇ ಅರ್ಥ ಮಾಡಿಕೊಂಡು, ಅದೇ ಪ್ರಶ್ನೆಯನ್ನು ಸನ್ನೆಭಾಷೆಯಲ್ಲಿ ಕೇಳಿದರು. ಅಕ್ಕನ ಜೊತೆ ಮಾತಾಡಬೇಕೆಂದೇ ಅವನು ಆ ಭಾಷೆಯನ್ನು ಅವಳಿಂದ ಕಲಿತಿದ್ದ. ಕೈ ತಾನಾಗಿ 'ಹನ್ನೆರಡು' ಅಂದುಬಿಟ್ಟಿತು.

"ನಿಮಗೆ ಇಲ್ಲಿ ಅನುಕೂಲವಾಗಿದೆಯಾ?" ಎಂದು ಮತ್ತೆ ಸನ್ನೆ.

'ತುಂಬ' ಎಂದ ಅವನು, ಬೆವರುತ್ತಾ.

ಇದನ್ನು ನೋಡುತ್ತಿದ್ದ ಅಕ್ಕ ನಗು ತಡೆಯಲಾರದೆ ಯಂತ್ರ ನಿಲ್ಲಿಸಿ ಎದ್ದು ಬಂದಳು. ಹಲಗೆ, ದೀಪ, ಮೊಳೆ, ಮ್ಯಾನೇಜರು ಎಲ್ಲವನ್ನೂ ಅವಳ ಕೈಗಳು ಎರಡೇ ನಿಮಿಷದಲ್ಲಿ ಅಧ್ಯಕ್ಷೆಗೆ ಹೇಳಿ ಮುಗಿಸಿದವು. ಒಂದಕ್ಷರವೂ ತಿಳಿಯದ ಮ್ಯಾನೇಜರು, "ನಮ್ಮ ಸಿಬ್ಬಂದಿ ನನ್ನನ್ನ ಹೊಗಳ್ತಿರ್ತಾರೆ ಮೇಡಂ" ಎಂದರು.

ಮೆಕ್ಯಾನಿಕ್ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ತಪ್ಪು ತಿಳ್ಕೋಬೇಡಿ ಮೇಡಂ, ನನಗೆ ಮಾತು ಬರುತ್ತೆ. ಮೊಳೆ ಇತ್ತು."

"ಕಿತ್ತಿದ್ದು ಯಾಕೆ?"

ಅವನು ಮ್ಯಾನೇಜರ ಮುಖ ನೋಡಿದ. ಅದು ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದಿತ್ತು. "ತುಕ್ಕು ಹಿಡಿದಿತ್ತು," ಎಂದ.

"ಸುಳ್ಳು," ಎಂದರು ತಾತ. "ನಿನ್ನೆ ತನಕ ನನ್ನ ಬೆರಳಿಗೆ ಎಲ್ಲಾ ಸರಿಯಾಗೇ ಇತ್ತು."

ಅಧ್ಯಕ್ಷೆ ಒಂದು ಸ್ಟೂಲು ಎಳೆದು ಕೂತರು. "ಇದ್ದ ಹಾಗೇ ಮಾಡಿ. ನಾನು ಕಾಯ್ತೀನಿ."

ಹೊರಗೆ ಕಾಯುತ್ತಿದ್ದ ಮಾಸ್ಟರ ನೆನಪಾಗಿ, ಅವನು ಮೊದಲು ಹಲಗೆಗೆ ಕೈ ಹಾಕಿ ಜೋರಾಗಿ ಎಳೆದ. ಕಪ್ಪುಗಳ ನೆನಪಾಗಲಿಲ್ಲ. ಇಪ್ಪತ್ತನಾಲ್ಕರಲ್ಲಿ ಹಿಡಿ ಸಮೇತ ಉಳಿದದ್ದು ಒಂದೇ. ಅದನ್ನು ಮ್ಯಾನೇಜರು ಎದೆಗವಚಿಕೊಂಡು ನಿಂತರು.

ಅರ್ಧ ಗಂಟೆಯಲ್ಲಿ ಮಾಸ್ಟರ್ ಒಳಗೆ ಬಂದು ಕತ್ತರಿ ಹಿಡಿದರು, ದೀಪ ಹೊತ್ತಿತು, ತಾತನ ಬೆರಳು ಮೊಳೆ ಎಣಿಸಿ ಮುಂದೆ ಓಡಿತು. ಅಧ್ಯಕ್ಷೆ ಎದ್ದು ಮೆಕ್ಯಾನಿಕ್‌ನ ಕಡೆ ಕೈ ತೋರಿದರು. "ಕಾರ್ಖಾನೆಗೆ ಒಂದು ಪ್ರಶಸ್ತಿ. ವ್ಯಕ್ತಿಗೆ ಅಂತ ಇರೋ ಇನ್ನೊಂದು ಇವರಿಗೆ."

ಅಕ್ಕ ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಅಲುಗಿಸಿದಳು. ಅದು ಅವಳ ಚಪ್ಪಾಳೆ. ಎಲ್ಲರೂ ಹಾಗೇ ಮಾಡಿದರು.

"ಯಾಕೆ, ಎಲ್ಲ ಸುಮ್ಮನಾದ್ರಿ?" ಎಂದರು ತಾತ. ಆಗ ಎಲ್ಲರೂ ಅವರಿಗಾಗಿ ಇನ್ನೊಂದು ಸಲ, ಸದ್ದಾಗುವ ಹಾಗೆ ಚಪ್ಪಾಳೆ ತಟ್ಟಿದರು. ಮೆಕ್ಯಾನಿಕ್‌ಗೆ ಎಲ್ಲಿ ನೋಡುವುದೆಂದು ತಿಳಿಯದೆ ಹೋಯಿತು.

"ಭಾನುವಾರ ನಮ್ಮ ಸಭಾಂಗಣದಲ್ಲಿ ಸಮಾರಂಭ," ಎಂದರು ಅಧ್ಯಕ್ಷೆ.

"ಇವರೆಲ್ಲ ಬರೋದಾದ್ರೆ ಬರ್ತೀನಿ ಮೇಡಂ. ಒಬ್ಬನೇ ಬರಲ್ಲ." ಹನ್ನೆರಡು ವರ್ಷದಲ್ಲಿ ಅವನು ಹಾಕಿದ ಮೊದಲ ಷರತ್ತು ಅದು.

ಅಧ್ಯಕ್ಷೆ ಕಟಿಂಗ್ ಮಾಸ್ಟರ ಕಡೆ ನೋಡಿದರು, ಗಾಲಿಕುರ್ಚಿಯ ಕಡೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ಅದು ಬಾಡಿಗೆ ಕಟ್ಟಡ. ಬಾಗಿಲಿಗೆ ಆರು ಮೆಟ್ಟಿಲು, ವೇದಿಕೆಗೆ ನಾಲ್ಕು. ಮಾಲೀಕರಿಗೆ ಐದು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ. ನಿಮಗೆ ಶನಿವಾರ ರಜಾ ಅಲ್ವಾ?"

"ಅವನಿಗೆ ಏನೂ ಕೆಲಸ ಇಲ್ಲ ಮೇಡಂ, ಬರ್ತಾನೆ," ಎಂದರು ಮ್ಯಾನೇಜರು ಹಿಂದಿನಿಂದ.

ಮೆಕ್ಯಾನಿಕ್ ಒಂದು ನಿಟ್ಟುಸಿರು ಬಿಟ್ಟು, ಕಿವಿಯ ಮೇಲಿನ ಪೆನ್ಸಿಲ್ ತೆಗೆದ.

"ಒಂದೊಂದು ಮೆಟ್ಟಿಲು ಎಷ್ಟು ಎತ್ತರ ಇದೆ, ಮೇಡಂ?"